ಜರ್ಮನಿ ಸಾಲ ಮಾಡಿ ಸೇತುವೆ ಕಟ್ಟಬೇಕಾ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಾ?

ಸೇತುವೆ_ಕೆಳಗಿನ_ಮನೆ
ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷದಿಂದ ಲೂಡೆನ್‌ಶೈಡ್‌ನಲ್ಲಿದ್ದೀನಿ. ಊರು ಗೊತ್ತಿಲ್ಲದವರಿಗೆ ಹೇಳೋದಾದರೆ, ಎ45 ಹೆದ್ದಾರಿಯಲ್ಲಿ ರಾಹ್ಮೆಡೆ ಕಣಿವೆ ಮೇಲೆ ಒಂದು ಸೇತುವೆ ಇತ್ತಲ್ಲ, ಆ ಊರು. 1960ರ ದಶಕದ ಸೇತುವೆ, 453 ಮೀಟರ್ ಉದ್ದ. ಉಕ್ಕು ಉಬ್ಬಿಕೊಂಡಿದೆ ಅಂತ 2021ರ ಡಿಸೆಂಬರ್ 2ರಂದು ಮುಚ್ಚಿದರು. 2023ರ ಮೇ 7ರಂದು ಸಿಡಿಮದ್ದು ಇಟ್ಟು ಉರುಳಿಸಿದರು. ಮುಚ್ಚಿದ ದಿನದಿಂದ ಹೆದ್ದಾರಿಯ ಲಾರಿಗಳೆಲ್ಲ ನಮ್ಮೂರ ಬೀದಿಗೆ ಇಳಿದವು.

ನಮ್ಮ ಅಡುಗೆಮನೆ ಕಿಟಕಿ ರಸ್ತೆ ಕಡೆಗೇ ಇದೆ. ಬೆಳಗಿನ ಜಾವ ಲಾರಿ ಬ್ರೇಕ್ ಹಾಕಿದರೆ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಅನ್ನೋವು. ಕಿಟಕಿ ತೆರೆದಿಟ್ಟು ಒಗ್ಗರಣೆ ಹಾಕಿದ್ದು ಯಾವಾಗ ಅಂತಲೇ ಮರೆತುಹೋಯಿತು.

ಈಗ ವಿಷಯಕ್ಕೆ ಬರ್ತೀನಿ. 2009ರಲ್ಲಿ ಇಲ್ಲಿನ ಸಂವಿಧಾನಕ್ಕೆ 'ಸಾಲದ ಬ್ರೇಕ್' ಸೇರಿಸಿದರು. ಒಕ್ಕೂಟ ಸರ್ಕಾರ ಮಾಮೂಲಿ ವರ್ಷದಲ್ಲಿ ಜಿಡಿಪಿಯ 0.35%ಕ್ಕಿಂತ ಹೆಚ್ಚು ಹೊಸ ಸಾಲ ಮಾಡೋ ಹಾಗಿಲ್ಲ. 2025ರ ಮಾರ್ಚ್‌ನಲ್ಲಿ ಅದಕ್ಕೆ ತಿದ್ದುಪಡಿ ತಂದು, ಮೂಲಸೌಕರ್ಯಕ್ಕೆ ಅಂತಲೇ 50,000 ಕೋಟಿ ಯೂರೊಗಳ ವಿಶೇಷ ನಿಧಿ ಮಾಡಿದರು, 12 ವರ್ಷಕ್ಕೆ. ಆಫೀಸಿನಲ್ಲಿ ಎಲ್ಲರೂ 'ಕೊನೆಗೂ ಬುದ್ಧಿ ಬಂತು' ಅಂದರು. ಪಕ್ಕದ ಮನೆ ಅಜ್ಜಿ ಮಾತ್ರ 'ಮೊಮ್ಮಕ್ಕಳ ತಲೆ ಮೇಲೆ ಹೊರೆ ಹೊರಿಸಿಬಿಟ್ಟರು' ಅಂತ ನೊಂದುಕೊಂಡರು. ನಾನು ಸಾಲ ಅಂದರೆ ಹೆದರೋ ಮನೆಯಲ್ಲೇ ಬೆಳೆದವನು, ಹಾಗಾಗಿ ಅಜ್ಜಿ ಮಾತೂ ನನಗೆ ನಾಟುತ್ತೆ. ನಿಮಗೇನನ್ನಿಸುತ್ತೆ?

ಹುಬ್ಬಳ್ಳಿ_ಮಂದಿ
ಸಾಲದಾಗ ಎರಡು ಜಾತಿ ಅದಾವ್ರೀ. ಬೋರ್ ಕೊರಸಾಕ ಮಾಡಿದ ಸಾಲ ಬ್ಯಾರೆ, ಮದುವಿಗೆ ಪೆಂಡಾಲ್ ಹಾಕಾಕ ಮಾಡಿದ ಸಾಲ ಬ್ಯಾರೆ. ಸೇತುವಿ ಅಂದ್ರ ಬೋರ್ ಇದ್ದಂಗ. ಇದರಾಗ ಚರ್ಚಾ ಮಾಡೂದು ಏನೈತಿ?

ತೆರಿಗೆ_ಕಟ್ಟುವವ
ಬೋರ್ ಕೊರೆಸಿ ನೀರು ಬರದಿದ್ದರೆ? ಸಾಲ ಮಾತ್ರ ಉಳಿಯುತ್ತೆ ಅಲ್ವಾ ಅಣ್ಣ.

ನಾನು ಮ್ಯೂನಿಕ್‌ನಲ್ಲಿದ್ದೀನಿ, ನನಗೆ ಆ ಬ್ರೇಕ್ ಬೇಕು. ಒಂದು ಲೆಕ್ಕ ನೋಡಿ. ಒಕ್ಕೂಟ ಸರ್ಕಾರ 2021ರಲ್ಲಿ ಬಡ್ಡಿಗೆ ಕಟ್ಟಿದ್ದು ಸುಮಾರು 400 ಕೋಟಿ ಯೂರೊ, 2023ರಲ್ಲಿ ಸುಮಾರು 3,800 ಕೋಟಿ. ಎರಡೇ ವರ್ಷದಲ್ಲಿ ಒಂಬತ್ತು ಪಟ್ಟಿಗೂ ಹೆಚ್ಚು. ಬಜೆಟ್‌ನಿಂದ ಪಿಂಚಣಿಗೆ ತುಂಬಿಕೊಡೋ ಹಣವೇ ವರ್ಷಕ್ಕೆ 10,000 ಕೋಟಿ ದಾಟಿದೆ. ಇದನ್ನೆಲ್ಲ ಮುಟ್ಟೋ ಧೈರ್ಯ ಯಾವ ಪಕ್ಷಕ್ಕೂ ಇಲ್ಲ, ಅದಕ್ಕೇ ಸಾಲದ ದಾರಿ ಹಿಡಿದಿದ್ದಾರೆ. ಚುನಾವಣೆಗೆ ಮುಂಚೆ 'ಬ್ರೇಕ್ ಮುಟ್ಟಲ್ಲ' ಅಂದವರೇ ಗೆದ್ದ ಮೇಲೆ, ಹೊಸ ಸಂಸತ್ತು ಸೇರೋದಕ್ಕೂ ಮುಂಚೆ, ಹಳೇ ಸಂಸತ್ತನ್ನೇ ಕೂಡಿಸಿ ಮಾರ್ಚ್ 18ಕ್ಕೆ ಪಾಸ್ ಮಾಡಿಸಿಕೊಂಡರು. ಹೊಸದರಲ್ಲಿ ಮೂರನೇ ಎರಡರಷ್ಟು ಮತ ಸಿಗಲ್ಲ ಅಂತ ಗೊತ್ತಿತ್ತು. ಓಟು ಹಾಕಿದವರಿಗೆ ಇದು ಮೋಸ ಅಂತ ನನಗನ್ನಿಸಿತು.

ಬಾನ್_ವಿದ್ಯಾರ್ಥಿನಿ
ನಾನಿಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಬಡ್ಡಿ ಲೆಕ್ಕ ಸರಿ ಇದೆ, ಆದರೆ ಅದರ ಹಿಂದಿನ ಐದಾರು ವರ್ಷವನ್ನೂ ನೋಡಬೇಕು. 2014ರಿಂದ 2019ರವರೆಗೆ ಬಜೆಟ್‌ನಲ್ಲಿ ಹೊಸ ಸಾಲವೇ ಇಲ್ಲ ಅಂತ ಹೆಮ್ಮೆಪಟ್ಟರು. 2019ರ ಆಗಸ್ಟ್‌ನಲ್ಲಿ ಜರ್ಮನಿ 30 ವರ್ಷದ ಬಾಂಡನ್ನು ಸೊನ್ನೆಗಿಂತ ಕಡಿಮೆ ಆದಾಯಕ್ಕೆ ಮಾರಿತು. ಅಂದರೆ ಹೂಡಿಕೆದಾರರು 'ನಮ್ಮ ದುಡ್ಡು ಇಟ್ಟುಕೊಳ್ಳಿ, ಮೂವತ್ತು ವರ್ಷ ಆದಮೇಲೆ ಸ್ವಲ್ಪ ಕಡಿಮೆಯೇ ಕೊಡಿ' ಅಂತ ತಾವಾಗೇ ಬಂದರು. ಆಗ ರಾಹ್ಮೆಡೆ ಸೇತುವೆಗೆ ಐವತ್ತು ವರ್ಷ ದಾಟಿತ್ತು. ಸಾಲ ಬಿಟ್ಟಿಯಾಗಿ ಸಿಗುವಾಗ ಕಟ್ಟಲಿಲ್ಲ, ದುಬಾರಿಯಾದ ಮೇಲೆ ಕಟ್ಟೋಕೆ ಹೊರಟಿದ್ದಾರೆ. ನನ್ನ ಸಿಟ್ಟು ಇರೋದು ಇದರ ಮೇಲೆ.

ಲೆಕ್ಕದ_ಮೇಷ್ಟ್ರು
ಮೈಸೂರಿನಿಂದ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಸರ್ಕಾರಿ ಲೆಕ್ಕಪತ್ರ ನೋಡಿ ನಿವೃತ್ತನಾದವನು, ಒಂದು ಹೋಲಿಕೆ ಹೇಳಲು ಅನುಮತಿ ಇರಲಿ. ಇಂಥ ಕಾನೂನು ನಮ್ಮಲ್ಲೂ ಇದೆ. ಭಾರತದ ರಾಜ್ಯಗಳಲ್ಲೇ ಮೊದಲು ಮಾಡಿದ್ದು ಕರ್ನಾಟಕ, 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ. ಕೇಂದ್ರದ್ದು ಬಂದದ್ದು ಅದಾದ ಮೇಲೆ, 2003ರಲ್ಲಿ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ 3% ದಾಟಬಾರದು ಎಂಬುದು ಒಂದು ಕಂಬ. ರಾಜಸ್ವ ಕೊರತೆ ಇರಬಾರದು ಎಂಬುದು ಇನ್ನೊಂದು ಕಂಬ. ಸಂಬಳ, ಪಿಂಚಣಿ, ಸಬ್ಸಿಡಿಗೆ ಸಾಲ ತರಬೇಡ, ಅಣೆಕಟ್ಟು, ರಸ್ತೆ, ಶಾಲೆಗೆ ಬೇಕಾದರೆ ಮಿತಿಯೊಳಗೆ ತಾ ಎಂಬುದೇ ಅದರ ಜೀವಾಳ. ಜರ್ಮನಿಯವರು 2009ರಲ್ಲಿ ಈ ಭೇದವನ್ನು ಮಾಡಲೇ ಇಲ್ಲ. ಅಕ್ಕಿ ತಂದ ಸಾಲಕ್ಕೂ ಹೆಂಚು ಹೊದಿಸಿದ ಸಾಲಕ್ಕೂ ಒಂದೇ ಕಾಲಂ. ಲೆಕ್ಕ ಬರೆದವನಿಗೆ ಇದು ನುಂಗಲಾರದ ತುತ್ತು.

ಬಾನ್_ವಿದ್ಯಾರ್ಥಿನಿ
ಮೇಷ್ಟ್ರೇ, ಒಂದು ಸಣ್ಣ ತಿದ್ದುಪಡಿ, ಬೇಸರ ಮಾಡಿಕೊಳ್ಳಬೇಡಿ. ಆ ಭೇದ ಇಲ್ಲಿ ಮೊದಲು ಇತ್ತು. 1969ರಿಂದ 2009ರವರೆಗೆ ಸಂವಿಧಾನದ 115ನೇ ವಿಧಿ ಹೇಳ್ತಿದ್ದದ್ದೇ ಅದು: ಹೂಡಿಕೆ ಎಷ್ಟೋ ಸಾಲವೂ ಅಷ್ಟರೊಳಗೆ. ಆದರೆ ಹೂಡಿಕೆ ಅಂದರೆ ಏನು ಅನ್ನೋದನ್ನ ಎಳೆದು ಎಳೆದು ಅಗಲ ಮಾಡಿದರು, ಹಳೇ ಆಸ್ತಿಯ ಸವಕಳಿ ಕಳೆಯಲಿಲ್ಲ, ಆರ್ಥಿಕತೆ ಸಮತೋಲ ತಪ್ಪಿದೆ ಅಂತ ವಿನಾಯಿತಿ ತಗೊಂಡರು. 1970ರಲ್ಲಿ ಜಿಡಿಪಿಯ 20%ಕ್ಕಿಂತ ಕೆಳಗಿದ್ದ ಸಾಲ 2000ದ ದಶಕದಲ್ಲಿ 60% ದಾಟಿತು. 2009ರವರು ಸುಮ್ಮನೆ ಬ್ರೇಕ್ ಹಾಕಲಿಲ್ಲ, ಹಿಂದಿನ ನಿಯಮ ಕೈಕೊಟ್ಟಿತ್ತು.

ಲೆಕ್ಕದ_ಮೇಷ್ಟ್ರು
ಬೇಸರವೇಕಮ್ಮ, ತಿಳಿಯದ್ದು ತಿಳಿಯಿತು. ಸವಕಳಿ ಕಳೆಯದೆ ಹೂಡಿಕೆ ತೋರಿಸುವ ಚಟ ಇಲ್ಲಿಯೂ ಕಂಡಿದ್ದೇನೆ. ಹೊಸ ಕಟ್ಟಡದ ಶಂಕುಸ್ಥಾಪನೆಗೆ ಜನ ಸೇರುತ್ತಾರೆ, ಹಳೆಯ ಕಟ್ಟಡದ ಸೋರಿಕೆ ಟಿಪ್ಪಣಿ ಕಡತದಲ್ಲೇ ಹಳದಿಯಾಗುತ್ತದೆ.

ಡ್ರೆಸ್ಡನ್_ಡೈರಿ
ಸೇತುವೆ ಮಾತು ಬಂತಲ್ಲ, ನಮ್ಮೂರ ಕರೋಲಾ ಸೇತುವೆ ಕಥೆ ಕೇಳಿ. 2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಸುಮಾರು ನೂರು ಮೀಟರ್ ಭಾಗ ಎಲ್ಬೆ ನದಿಗೆ ಬಿತ್ತು. ಬೀಳೋದಕ್ಕೆ ಕೆಲವೇ ನಿಮಿಷ ಮೊದಲು ಕೊನೇ ಟ್ರಾಮ್ ದಾಟಿತ್ತು. ನಾನು ವಾರಕ್ಕೆ ನಾಲ್ಕು ದಿನ ಅದೇ ಸೇತುವೆ ಮೇಲೆ ಸೈಕಲ್ ತುಳೀತಿದ್ದೆ. ಬೆಳಗ್ಗೆ ದಡದಲ್ಲಿ ನಿಂತು ನೋಡಿದರೆ ಟ್ರಾಮ್ ಹಳಿ ನೀರಿನ ಕಡೆಗೆ ಬಾಗಿ ನೇತಾಡ್ತಿತ್ತು. ಸಾಲದ ಬ್ರೇಕ್‌ನ ಫಲ ಇದೇ.

ಕರಾವಳಿ_ಇಂಜಿನಿಯರ್
ಡೈರಿಯವರೇ, ಅಷ್ಟು ಸಲೀಸಾಗಿ ಹೇಳಬೇಡಿ. ನಾನು ಕಲೋನ್‌ನಲ್ಲಿ ಸ್ಟ್ರಕ್ಚರಲ್ ಕೆಲಸದಲ್ಲೇ ಇದ್ದೇನೆ ಮಾರಾಯ್ರೆ. ಕರೋಲಾದಲ್ಲಿ ಕಾಂಕ್ರೀಟ್ ಒಳಗೆ ಬಿಗಿದೆಳೆದ ಉಕ್ಕಿನ ತಂತಿಗಳಲ್ಲಿ ಒತ್ತಡದ ಬಿರುಕು, ಹೈಡ್ರೋಜನ್‌ನಿಂದ ಆಗುವಂಥದ್ದು. ಕಟ್ಟುವ ಕಾಲದಲ್ಲೇ ಬಿದ್ದ ಬೀಜ ಅದು, ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಅಲ್ಲದೆ ಆ ಸೇತುವೆ ನಗರಸಭೆಯದ್ದು, ಒಕ್ಕೂಟ ಸರ್ಕಾರದ್ದಲ್ಲ. 0.35%ಗೂ ಅದಕ್ಕೂ ನೇರ ಗಂಟು ಹಾಕಲು ಬರುವುದಿಲ್ಲ.

ಡ್ರೆಸ್ಡನ್_ಡೈರಿ
ತಾಂತ್ರಿಕ ಕಾರಣ ಒಪ್ಪಿದೆ, ನೀವು ಬಲ್ಲವರು. ಆದರೆ ಸಾಲದ ಭಯ ನಮ್ಮೂರಿಗೆ ಏನು ಮಾಡಿದೆ ಅನ್ನೋದಕ್ಕೆ ಬೇರೆ ಸಾಕ್ಷಿ ಕೊಡ್ತೀನಿ. 2006ರಲ್ಲಿ ಡ್ರೆಸ್ಡನ್ ನಗರಸಭೆ ತನ್ನ ಸುಮಾರು 48,000 ಬಾಡಿಗೆ ಮನೆಗಳನ್ನ ಒಟ್ಟಿಗೆ ಅಮೆರಿಕದ ಹೂಡಿಕೆದಾರರಿಗೆ ಮಾರಿ, ಸಾಲವೆಲ್ಲ ತೀರಿಸಿ, 'ನಮ್ಮದು ಸಾಲವಿಲ್ಲದ ನಗರ' ಅಂತ ಘೋಷಿಸಿತು. ದೇಶವೆಲ್ಲ ಹೊಗಳಿತು. ಕಡಿಮೆ ಬಾಡಿಗೆ ಮನೆಗಳ ಕೊರತೆ ಬಂದಮೇಲೆ ಅದೇ ನಗರಸಭೆ ಹೊಸದಾಗಿ ವಸತಿ ಕಂಪನಿ ಶುರು ಮಾಡಿ ಒಂದೊಂದೇ ಮನೆ ಕಟ್ಟಿಸ್ತಿದೆ. ಸಾಲ ಸೊನ್ನೆ ಆಗಿದ್ದು ಪುಸ್ತಕದಲ್ಲಿ. ಮನೆ ಹುಡುಕಿ ಹನ್ನೊಂದು ತಿಂಗಳು ಅಲೆದ ನಮ್ಮಂಥವರಿಗೆ ಅದರ ಬೆಲೆ ಗೊತ್ತು.

ಎಸ್ಸೆನ್_ಅಮ್ಮ
ಮಗಳ ಶಾಲೆಯ ಜಿಮ್ ಹಾಲ್‌ಗೆ ಎರಡು ವರ್ಷದಿಂದ ಬೀಗ. ಚಾವಣಿ ಸೋರಿ ಮರದ ನೆಲ ಉಬ್ಬಿದೆ. ಮಳೆಗಾಲದಲ್ಲಿ ಮಕ್ಕಳು ಕಾರಿಡಾರ್‌ನಲ್ಲೇ ವ್ಯಾಯಾಮ ಮಾಡ್ತಾವೆ. ಪೋಷಕರ ಸಭೆಯಲ್ಲಿ ಕೇಳಿದರೆ 'ನಗರಸಭೆ ಹತ್ರ ದುಡ್ಡಿಲ್ಲ' ಅಂತಾರೆ. ಇಷ್ಟು ಶ್ರೀಮಂತ ದೇಶ ಅಂತ ಊರಲ್ಲಿ ಅತ್ತೆಗೆ ಹೇಳಿದರೆ ನಂಬೋದೇ ಇಲ್ಲ.

ಬಾನ್_ವಿದ್ಯಾರ್ಥಿನಿ
ಅಕ್ಕ, ನಿಮ್ಮದೊಂದೇ ಶಾಲೆ ಅಲ್ಲ. ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ಕೆಎಫ್‌ಡಬ್ಲ್ಯೂ ಪ್ರತಿವರ್ಷ ಊರುಗಳನ್ನ ಕೇಳಿ ಬಾಕಿ ಕೆಲಸದ ಲೆಕ್ಕ ಹಾಕುತ್ತೆ. 2025ರ ವರದಿಯಲ್ಲಿ ಅದು ಸುಮಾರು 21,600 ಕೋಟಿ ಯೂರೊ, ಅದರಲ್ಲಿ ದೊಡ್ಡ ಪಾಲು ಶಾಲೆಗಳದ್ದೇ. 2024ರ ಮೇನಲ್ಲಿ ಇನ್ನೊಂದು ಅಧ್ಯಯನ ಬಂತು. ಕಂಪನಿ ಮಾಲೀಕರ ಸಂಘಗಳ ಪರವಾದ ಐಡಬ್ಲ್ಯೂ ಮತ್ತು ಕಾರ್ಮಿಕ ಸಂಘಗಳ ಪರವಾದ ಐಎಂಕೆ, ಈ ಎರಡು ಸಂಶೋಧನಾ ಸಂಸ್ಥೆಗಳೂ ಕೂತು ಒಟ್ಟಿಗೆ ಲೆಕ್ಕ ಮಾಡಿದವು: ಹತ್ತು ವರ್ಷದಲ್ಲಿ 60,000 ಕೋಟಿ ಯೂರೊ ಸಾರ್ವಜನಿಕ ಹೂಡಿಕೆ ಬೇಕು. ಸಂಬಳದ ವಿಷಯ ಬಂದರೆ ಹಾವು ಮುಂಗುಸಿ ಥರ ಇರೋ ಎರಡು ಸಂಸ್ಥೆಗಳು ಒಂದೇ ಅಂಕಿಗೆ ಸಹಿ ಹಾಕಿದ್ದು ನೋಡಿ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಆಶ್ಚರ್ಯ.

ಗೌರಿಬಿದನೂರು_ಗೆಳೆಯ
50,000 ಕೋಟಿ ಯೂರೊ ಅಂದರೆ ನಮ್ಮ ರೂಪಾಯಲ್ಲಿ ಎಷ್ಟು?

ಲೆಕ್ಕದ_ಮೇಷ್ಟ್ರು
ಯೂರೊಗೆ ನೂರು ರೂಪಾಯಿ ಎಂದು ಹಿಡಿದರೆ 50 ಲಕ್ಷ ಕೋಟಿ. ನಮ್ಮ ಕೇಂದ್ರದ 2025-26ರ ಬಜೆಟ್ ಗಾತ್ರ 50.65 ಲಕ್ಷ ಕೋಟಿ. ಹೆಚ್ಚುಕಡಿಮೆ ಭಾರತದ ಒಂದು ವರ್ಷದ ಇಡೀ ಬಜೆಟ್ ಅಷ್ಟು, ಅವರು ಹನ್ನೆರಡು ವರ್ಷಕ್ಕೆ ಹಂಚಿಕೊಂಡಿದ್ದಾರೆ.

ಗೌರಿಬಿದನೂರು_ಗೆಳೆಯ
ಅಬ್ಬಾ! ಧನ್ಯವಾದ ಸಾರ್.

ಮಿಲಾನೊ_ಮಲೆನಾಡು
ಬೋರ್‌ನಲ್ಲಿ ನೀರು ಬರದಿದ್ದರೆ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಇಟಲಿಯಲ್ಲಿ ಆಗಿದ್ದು ಅದೇ. 2020ರಲ್ಲಿ 'ಸೂಪರ್‌ಬೋನಸ್' ಅಂತ ತಂದರು. ಮನೆಗೆ ಶಾಖ ನಿಲ್ಲೋ ಹಾಗೆ ರಿಪೇರಿ ಮಾಡಿಸಿದರೆ ಖರ್ಚಿನ 110% ತೆರಿಗೆ ವಿನಾಯಿತಿ ಪತ್ರವಾಗಿ ವಾಪಸ್. ನೂರು ರೂಪಾಯಿ ಖರ್ಚು ಮಾಡಿದರೆ ನೂರಾ ಹತ್ತು! ಆ ಪತ್ರವನ್ನ ಬ್ಯಾಂಕಿಗೆ ಮಾರಲೂಬಹುದಿತ್ತು. ಸ್ವಂತ ಜೇಬಿನಿಂದ ಏನೂ ಹೋಗಲ್ಲ ಅಂದಮೇಲೆ ಯಾರು ಚೌಕಾಶಿ ಮಾಡ್ತಾರೆ? ಗುತ್ತಿಗೆದಾರ ಹೇಳಿದ್ದೇ ರೇಟು. ನಮ್ಮ ಬೀದಿಯಲ್ಲಿ ಎಲ್ಲಿ ನೋಡಿದರೂ ಸಾರವೆ, ನಮ್ಮ ಬಾಲ್ಕನಿಗೆ ಒಂದೂವರೆ ವರ್ಷ ಬಿಸಿಲೇ ಬೀಳಲಿಲ್ಲ. ತುಳಸಿ ಗಿಡ ಒಣಗಿಹೋಯ್ತು. 2023ರಲ್ಲಿ ದೇಶದ ಕೊರತೆ ಜಿಡಿಪಿಯ 7% ದಾಟಿತು.

ಮನೆ ಬೆಚ್ಚಗಾಯ್ತು, ನಿಜ. ಆದರೆ ಬಹುಪಾಲು ಲಾಭ ಹೋಗಿದ್ದು ಸ್ವಂತ ಮನೆ ಇದ್ದವರಿಗೆ. ಇದೂ 'ಹೂಡಿಕೆ' ಅಂತಲೇ ಲೆಕ್ಕ. ಹಾಗಾಗಿ ಆಸ್ತಿಗೆ ಸಾಲ ಮಾಡಿದರೆ ಸರಿ ಅನ್ನೋ ಮಾತು ನನಗೆ ಸಾಕಾಗಲ್ಲ.

ತೆರಿಗೆ_ಕಟ್ಟುವವ
ಇದನ್ನೇ ನಾನೂ ಹೇಳ್ತಿರೋದು! ಹಣ ಎದುರಿಗೆ ಇದ್ದರೆ ಖರ್ಚಿಗೆ ದಾರಿ ತಾನಾಗೇ ಹುಟ್ಟುತ್ತೆ.

ಹುಬ್ಬಳ್ಳಿ_ಮಂದಿ
ಹಂಗಂತ ಬೋರ್ ಕೊರಸೂದ ಬಿಡಬೇಕೇನ್ರೀ? ನೀರು ನೋಡುವವ್ರನ್ನ ಕರಕೊಂಡು ಬಂದು ಕೊರಸ್ಬೇಕು. ಗ್ರೀಸ್‌ನಾಗ ಏನಾತು ನೋಡ್ರಿ. ಸಾಲ ಹೆಚ್ಚಾತು ಅಂತ 2010ರಿಂದ ಪಿಂಚಣಿ ಕಡದ್ರು, ಸಂಬಳ ಕಡದ್ರು. ದೇಶದ ಆದಾಯನ ಕಾಲು ಭಾಗ ಕರಗಿ ಹೋತು. ಆದಾಯ ಕರಗಿದ ಮ್ಯಾಲ ಸಾಲದ ಪಾಲು ಏರತೈತೋ ಇಳಿತೈತೋ?

ಬಾನ್_ವಿದ್ಯಾರ್ಥಿನಿ
ಏರಿತು. ಇದರ ಹಿಂದೆ ಒಂದು ಸಂಶೋಧನೆಯ ಕಥೆ ಇದೆ, ಇಲ್ಲಿ ಬರೆಯದೆ ಇರೋಕಾಗಲ್ಲ. ಸಾಲ ಜಿಡಿಪಿಯ 90% ದಾಟಿದರೆ ಬೆಳವಣಿಗೆ ಕುಸಿಯುತ್ತೆ ಅಂತ 2010ರಲ್ಲಿ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೊಗಾಫ್ ಬರೆದರು. ಯುರೋಪಿನ ಮಂತ್ರಿಗಳ ಬಾಯಲ್ಲೂ ಅದೇ ಅಂಕಿ. 2013ರಲ್ಲಿ ಥಾಮಸ್ ಹರ್ನ್‌ಡನ್ ಅನ್ನೋ ವಿದ್ಯಾರ್ಥಿ, ತರಗತಿಯ ಕೆಲಸಕ್ಕೆ ಅಂತ ಅದೇ ಲೆಕ್ಕವನ್ನ ಮತ್ತೆ ಮಾಡೋಕೆ ಹೋದರೆ ಉತ್ತರ ಸರಿಬರಲಿಲ್ಲ. ಮೂಲ ಎಕ್ಸೆಲ್ ಫೈಲ್ ತರಿಸಿ ನೋಡಿದರೆ ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲು ಬಿಟ್ಟುಹೋಗಿತ್ತು. ಇನ್ನೂ ಬೇರೆ ತಕರಾರುಗಳಿದ್ದವು. ತಿದ್ದಿದ ಮೇಲೆ 90%ದ ಆ ಕಂದಕವೇ ಮಾಯ. ಸಾಲ ಹೆಚ್ಚಿರೋ ದೇಶಗಳು ಕೊಂಚ ನಿಧಾನ ಬೆಳೀತವೆ ಅನ್ನೋದಷ್ಟೇ ಉಳೀತು. ನಾನು ಈ ವಿಷಯ ಹಿಡಿಯೋಕೆ ಆ ಹುಡುಗನೇ ಕಾರಣ. ಯಾರೇ ಒಂದು ಗೆರೆ ಎಳೆದು 'ಇಲ್ಲಿಂದಾಚೆ ಅಪಾಯ' ಅಂದರೆ ಫೈಲ್ ತೋರಿಸಿ ಅಂತೀನಿ. ಕೊರತೆ ಜಿಡಿಪಿಯ 3%, ಸಾಲ 60% ದಾಟಬಾರದು ಅನ್ನೋ ಯುರೋಪಿನ ಗೆರೆಗಳಿಗೂ ನನ್ನದು ಇದೇ ಮಾತು.

ತೆರಿಗೆ_ಕಟ್ಟುವವ
ಗೆರೆಯೇ ಬೇಡ ಅಂದರೆ ಫ್ರಾನ್ಸ್ ನೋಡಿ. 2024ರಲ್ಲಿ ಕೊರತೆ ಜಿಡಿಪಿಯ 5.8%. ಅದನ್ನ ಇಳಿಸೋಕೆ ಹೊರಟ ಬಾರ್ನಿಯೆ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಬಿತ್ತು, ಬೈರೂ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಬಿತ್ತು. ಗೆರೆ ದಾಟಿ ಬಹುದೂರ ಹೋದಮೇಲೆ ವಾಪಸ್ ಬರೋದು ಎಷ್ಟು ಕಷ್ಟ ಅನ್ನೋದಕ್ಕೆ ಬೇರೆ ಪುರಾವೆ ಬೇಕಾ? ನಿಮ್ಮ ಸಂಶೋಧನೆ ಸರಿ ಇರಬಹುದು ತಂಗಿ, ಆದರೆ ರಾಜಕಾರಣಿಗಳ ಕೈ ಕಟ್ಟೋಕೆ ಒರಟು ನಿಯಮವೇ ಬೇಕು. ಸೂಕ್ಷ್ಮ ನಿಯಮ ಆದರೆ 115ನೇ ವಿಧಿ ಥರ ಎಳೆದು ಹರಿತಾರೆ, ನೀವೇ ಹೇಳಿದ್ದು.

ಬಾನ್_ವಿದ್ಯಾರ್ಥಿನಿ
ಇದು ನಿಮ್ಮ ಒಳ್ಳೇ ವಾದ ಅಣ್ಣ, ಒಪ್ತೀನಿ. ಈ ಸಲವೂ ಅದೇ ಭಯ ಇದೆ. ವಿಶೇಷ ನಿಧಿ ಹಣ 'ಹೆಚ್ಚುವರಿ'ಯಾಗಿರಬೇಕು, ಮೂಲ ಬಜೆಟ್‌ನಲ್ಲಿ 10% ಹೂಡಿಕೆಗೆ ಇಟ್ಟಮೇಲೆ ಮಾತ್ರ ಇದನ್ನ ಮುಟ್ಟಬೇಕು ಅಂತ ಷರತ್ತಿದೆ. ಆದರೆ ಮೂಲ ಬಜೆಟ್‌ನ ಬಾಬ್ತುಗಳನ್ನ ನಿಧಿಗೆ ದಾಟಿಸಿ, ಅಲ್ಲಿ ಖಾಲಿಯಾದ ಜಾಗದಲ್ಲಿ ಬೇರೆ ಖರ್ಚು ತುಂಬ್ತಿದ್ದಾರೆ ಅಂತ ಐಡಬ್ಲ್ಯೂ ಮತ್ತು ಇಫೊ (ಇದೂ ಒಂದು ಆರ್ಥಿಕ ಸಂಶೋಧನಾ ಸಂಸ್ಥೆ) ಅರ್ಥಶಾಸ್ತ್ರಜ್ಞರೇ ದೂರಿದ್ದಾರೆ. ಇಫೊದ ಫ್ಯೂಸ್ಟ್, ಐಡಬ್ಲ್ಯೂನ ಹ್ಯೂಟರ್ ಇಬ್ಬರೂ ಮಾರ್ಚ್‌ನಲ್ಲಿ ದೊಡ್ಡ ನಿಧಿ ಬೇಕು ಅಂತ ಸಲಹೆ ಕೊಟ್ಟ ನಾಲ್ವರಲ್ಲಿದ್ದವರು. ಸಾಲ ಮಾಡಿ ಅಂದವರೇ ಈಗ ಕಾವಲು ನಿಂತಿದ್ದಾರೆ.

ರೈಲು_ಪ್ರೇಮಿ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. 2024ರಲ್ಲಿ ಇಲ್ಲಿನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು 62.5%. ಅದೂ 6 ನಿಮಿಷದೊಳಗಿನ ತಡವನ್ನ ತಡ ಅಂತ ಎಣಿಸದೆ! ಹೋದ ತಿಂಗಳು ಫ್ರಾಂಕ್‌ಫರ್ಟ್ ವಿಮಾನ ತಪ್ಪಿ ತಂಗಿ ಸೀಮಂತಕ್ಕೆ ಹೋಗೋಕಾಗಲಿಲ್ಲ. ಹಳಿಗೂ ಈ ನಿಧಿಯಿಂದ ಬರುತ್ತಾ?

ಕರಾವಳಿ_ಇಂಜಿನಿಯರ್
ಬರುತ್ತದೆ, ರೈಲಿಗೂ ಪಾಲಿದೆ. ಆದರೆ ಹಳಿ ರಿಪೇರಿಗೆ ಮಾರ್ಗ ಮುಚ್ಚಬೇಕು, ಮುಚ್ಚಿದರೆ ಇನ್ನಷ್ಟು ತಡ. ಕೆಲವು ವರ್ಷ ತಾಳಿಕೊಳ್ಳಬೇಕು.

ಹಣದ ವಿಷಯವನ್ನೇ ಎಲ್ಲರೂ ಮಾತಾಡುತ್ತಿದ್ದೀರಿ, ಹಾಗಾಗಿ ನನ್ನ ಕಡೆಯಿಂದ ಒಂದು ಮಾತು. ಲೆವರ್‌ಕೂಸನ್‌ನಲ್ಲಿ ರೈನ್ ನದಿ ಮೇಲಿನ ಎ1 ಸೇತುವೆಗೆ 2014ರಲ್ಲೇ ಲಾರಿ ನಿಷೇಧ ಆಯಿತು. ಹೊಸದರ ಮೊದಲ ಅರ್ಧ ತೆರೆದದ್ದು 2024ರ ಫೆಬ್ರುವರಿಯಲ್ಲಿ. ಹತ್ತು ವರ್ಷ! ಹಣ ಇತ್ತು. ಚೀನಾದಲ್ಲಿ ಮಾಡಿಸಿದ ಉಕ್ಕಿನ ಭಾಗಗಳಲ್ಲಿ ದೋಷ ಕಂಡು 2020ರಲ್ಲಿ ಗುತ್ತಿಗೆಯನ್ನೇ ರದ್ದು ಮಾಡಿದರು, ಕೆಲಸ ಅರ್ಧಕ್ಕೆ ನಿಂತಿತು. 2022ರಲ್ಲಿ ಸರ್ಕಾರ ಹೆದ್ದಾರಿಗಳ 4,000 ಸೇತುವೆಗಳನ್ನು ಸರಿಪಡಿಸುವ ಗುರಿ ಹಾಕಿಕೊಂಡಿದೆ. ಅಷ್ಟಕ್ಕೆ ನಕ್ಷೆ ತಯಾರಿಸುವವರು ಯಾರು, ಪರಿಶೀಲಿಸಿ ಸಹಿ ಹಾಕುವವರು ಯಾರು? ನಮ್ಮ ಆಫೀಸಿನಲ್ಲಿ ಎರಡು ಹುದ್ದೆ ಒಂದು ವರ್ಷದಿಂದ ಖಾಲಿ. ಇಪ್ಪತ್ತು ವರ್ಷ ಕೆಲಸ ಕಡಿಮೆ ಮಾಡಿ ಜನರನ್ನು ತೆಗೆದರೆ, ಹಣ ಬಂದ ದಿನ ಅವರು ಎದ್ದು ಬರುವುದಿಲ್ಲ. ಜನ ಇಲ್ಲದಲ್ಲಿ ಹಣ ಸುರಿದರೆ ರೇಟು ಮಾತ್ರ ಏರುತ್ತದೆ, ಮಿಲಾನೊದವರು ಹೇಳಿದ ಹಾಗೆ.

ಹಾಗಾಗಿ 50,000 ಕೋಟಿಗಿಂತ ನನಗೆ ಮುಖ್ಯ ಆ 12 ವರ್ಷ. ಮುಂದಿನ ಹನ್ನೆರಡು ವರ್ಷ ಕೆಲಸ ಗ್ಯಾರಂಟಿ ಅಂತ ನಂಬಿಕೆ ಬಂದರೆ ಕಂಪನಿಗಳು ಹುಡುಗರನ್ನು ತೆಗೆದುಕೊಂಡು ತರಬೇತಿ ಕೊಡುತ್ತವೆ. ಪ್ರತಿ ಬಜೆಟ್‌ಗೂ ಜಗಳ ಆದರೆ ಕೊಡುವುದಿಲ್ಲ.

ಹಾಸನದ_ಹೈದ
ಸಾರ್, ನಾನು ಸಿವಿಲ್ ಮುಗಿಸಿ ನಾಲ್ಕು ವರ್ಷ ಅನುಭವ ಇದೆ. ಅಲ್ಲಿಗೆ ಬರಬಹುದಾ?

ಕರಾವಳಿ_ಇಂಜಿನಿಯರ್
ಜರ್ಮನ್ ಬಿ2ವರೆಗೆ ಕಲಿತು ಬಾ ತಮ್ಮ. ಸೈಟಿನಲ್ಲಿ ಇಂಗ್ಲಿಷ್ ನಡೆಯುವುದಿಲ್ಲ. ಮೆಸೇಜ್ ಹಾಕು, ಹೇಳುತ್ತೇನೆ.

ಮಿಲಾನೊ_ಮಲೆನಾಡು
ಜರ್ಮನಿ ಒಂದೇ ಎದ್ದರೆ ಸಾಕಾ? ಯುರೋಪಿನ ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ದ್ರಾಗಿ ಅವರ ವರದಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದು, ಯುರೋಪ್ ಒಕ್ಕೂಟಕ್ಕೆ ವರ್ಷಕ್ಕೆ 75,000ದಿಂದ 80,000 ಕೋಟಿ ಯೂರೊ ಹೆಚ್ಚುವರಿ ಹೂಡಿಕೆ ಬೇಕು ಅಂತ. ಜರ್ಮನಿಗೆ ಸಾಲ ಅಗ್ಗ, ಇಟಲಿಗೆ ದುಬಾರಿ. 2020ರ ಜುಲೈನಲ್ಲಿ ಕೊರೊನಾ ಅಂತ 75,000 ಕೋಟಿಗೆ ಎಲ್ಲರೂ ಸೇರಿ ಒಟ್ಟಾಗಿ ಸಾಲ ಎತ್ತಲು ಒಪ್ಪಿದರಲ್ಲ, ಅದೇ ದಾರಿ ಮತ್ತೆ ಯಾಕೆ ಬೇಡ?

ತೆರಿಗೆ_ಕಟ್ಟುವವ
ನಿಮ್ಮ ಸಾರವೆಗೆ ನಾನು ಜಾಮೀನು ಹಾಕಬೇಕಾ? ಅಕ್ಕಪಕ್ಕದ ಮನೆಯವರು ಸೇರಿ ಬಾವಿ ತೋಡೋಣ, ಒಪ್ಪಿದೆ. ವಿದ್ಯುತ್ ಲೈನು, ರಕ್ಷಣೆ, ಗಡಿ ದಾಟೋ ರೈಲು, ಅಂಥದ್ದಕ್ಕೆ ಒಟ್ಟು ಸಾಲ ಸರಿ. ಮನೆ ರಿಪೇರಿ ಅವರವರದ್ದು.

ಮಿಲಾನೊ_ಮಲೆನಾಡು
ಇಷ್ಟು ಒಪ್ಪಿದರೆ ನನಗೆ ಸಾಕು ಅಣ್ಣ. ಇಲ್ಲಿನ ಪತ್ರಿಕೆಗಳಲ್ಲಿ ಜರ್ಮನಿಯವರು ಅಷ್ಟೂ ಒಪ್ಪಲ್ಲ ಅಂತಲೇ ಬರೀತಾರೆ.

ಸೇತುವೆ_ಕೆಳಗಿನ_ಮನೆ
ಎಲ್ಲರಿಗೂ ಧನ್ಯವಾದ. ನಿನ್ನೆ ಅಜ್ಜಿಗೆ ಇದರ ಸಾರಾಂಶ ಹೇಳಿದೆ. ಕಾಫಿ ಕೊಟ್ಟು ಒಂದು ಕಪ್ಪುಬಿಳುಪು ಫೋಟೊ ತೆಗೆದು ತೋರಿಸಿದರು. ಹಳೇ ಸೇತುವೆ ಕಟ್ಟುವಾಗಿನದ್ದು, ಕಂಬಗಳ ಬುಡದಲ್ಲಿ ಅವರ ಗಂಡ ಟೋಪಿ ಹಾಕಿಕೊಂಡು ನಿಂತಿದ್ದಾರೆ. ಎಲ್ಲಾ ಕೇಳಿಸಿಕೊಂಡು ಅಜ್ಜಿ ಒಂದೇ ಪ್ರಶ್ನೆ ಕೇಳಿದರು: 'ಹೊಸದು ಕಟ್ಟೋಕೆ ನಿಧಿ ಇದೆ ಸರಿ, ಅದನ್ನ ಐವತ್ತು ವರ್ಷ ನೋಡಿಕೊಳ್ಳೋಕೆ ದುಡ್ಡು ಯಾವ ಲೆಕ್ಕದಲ್ಲಿ?' ನನಗೆ ಉತ್ತರ ಗೊತ್ತಿರಲಿಲ್ಲ.

ಲೆಕ್ಕದ_ಮೇಷ್ಟ್ರು
ಆ ತಾಯಿಗೆ ನನ್ನ ನಮಸ್ಕಾರ ತಿಳಿಸಿ. ಮೂವತ್ತೊಂದು ವರ್ಷ ನಾನು ಕಡತದ ಅಂಚಿನಲ್ಲಿ ಬರೆಯುತ್ತಿದ್ದ ಪ್ರಶ್ನೆ ಅದು.

ಕರಾವಳಿ_ಇಂಜಿನಿಯರ್
ಆರು ವರ್ಷಕ್ಕೊಮ್ಮೆ ದೊಡ್ಡ ತಪಾಸಣೆ, ನಡುವೆ ಮೂರನೇ ವರ್ಷಕ್ಕೆ ಸಣ್ಣದು, ಇದು ಇಲ್ಲಿ ಕಡ್ಡಾಯ, ಮಾಡುತ್ತೇವೆ ಕೂಡ. ಪ್ರತಿ ಸೇತುವೆಗೂ ಅಂಕ ಕೊಟ್ಟು ವರದಿ ಬರೆಯುತ್ತೇವೆ. ವರದಿ ಬರೆದಮೇಲೆ ಕೆಲಸಕ್ಕೆ ಹಣ ಬರುವುದು ಆಯಾ ವರ್ಷದ ಬಜೆಟ್‌ನಿಂದ, ಆ ವರ್ಷದ ಜಗಳ ಮುಗಿದ ಮೇಲೆ. ಅಜ್ಜಿಗೆ ಇಷ್ಟು ಹೇಳಿ.

ಎಸ್ಸೆನ್_ಅಮ್ಮ
ಈ ಗುರುವಾರ ನಮ್ಮ ವಾರ್ಡಿನ ಸಭೆ ಇದೆ. ರಾಜ್ಯಗಳಿಗೂ ಊರುಗಳಿಗೂ ಅಂತ ಇಟ್ಟ 10,000 ಕೋಟಿಯಲ್ಲಿ ನಮ್ಮ ಜಿಮ್ ಹಾಲ್ ಪಟ್ಟಿಯಲ್ಲಿದೆಯಾ ಅಂತ ಕೇಳ್ತೀನಿ. ಚಾವಣಿ ಹಾಕಿದ ಮೇಲೆ ಅದನ್ನ ಯಾರು ನೋಡ್ಕೋತಾರೆ ಅಂತಲೂ ಕೇಳ್ತೀನಿ. ಹೋಗಿ ಬಂದು ಇಲ್ಲೇ ಬರೀತೀನಿ.